ಕಡಲ ಸುರಂಗದ ಮಣ್ಣಿನಿಂದಾದ ಬಯಲು

ಇಂಗ್ಲೆಂಡಿನ ಆಗ್ನೇಯ ತುದಿಯಲ್ಲಿ, ಫ್ರಾನ್ಸ್ ದೇಶಕ್ಕೆ ಎದುರಾಗಿ, ಡೋವರ್ ಎಂಬ ಪುರಾತನ ಬಂದರು ಪಟ್ಟಣವಿದೆ. ಅದರ ಎರಡೂ ಮಗ್ಗುಲಿಗೆ ಕಡಲಿಗೆ ಮುಖವೊಡ್ಡಿ ನಿಂತ ಬಿಳಿಯ ಬಂಡೆಗಳ ಸಾಲು ಲೋಕಪ್ರಸಿದ್ಧವಾದುದು. ಆ ದೇಶಕ್ಕೆ ಹೋದ ನಮ್ಮವರು ಲಂಡನ್ನಿನ ಅರಮನೆ, ವಸ್ತುಸಂಗ್ರಹಾಲಯಗಳನ್ನು ಕಂಡು, ಸಮಯ ದೊರೆತರೆ ಈ ಬಂಡೆಗಳನ್ನೂ ದೂರದಿಂದ ನೋಡಿ ಮರಳುವುದು ವಾಡಿಕೆ. ನಾವು ನೋಡಲು ಹೋದುದು ಬಂಡೆಗಳನ್ನಲ್ಲ. ಅವುಗಳ ಪಾದದಲ್ಲಿ, ಡೋವರಿನಿಂದ ಪಶ್ಚಿಮಕ್ಕೆ, ಸಮುದ್ರದ ಅಂಚಿಗೆ ಚಾಚಿಕೊಂಡಿರುವ ಒಂದು ಹಸಿರು ಬಯಲನ್ನು. ಅದರ ಹೆಸರು ಸ್ಯಾಂಫೈರ್ ಹೋ. ವಿಸ್ತಾರ 30 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಸುಮಾರು 74 ಎಕರೆ. 1980ರ ದಶಕದ ನಡುಭಾಗದವರೆಗೂ ಈ ಸ್ಥಳದ ಬಹುಭಾಗದಲ್ಲಿ ಅಲೆಗಳು ಆಡುತ್ತಿದ್ದವು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಕಡಲ ತಳದ ಕೆಳಗೆ ರೈಲುಸುರಂಗವನ್ನು ಕೊರೆದಾಗ ಹೊರಬಂದ ಮಣ್ಣುಕಲ್ಲುಗಳೇ ಇಲ್ಲಿ ನೆಲವಾಗಿ ಕುಳಿತಿವೆ.

ಕೆಂಟ್ ಪ್ರಾಂತದಲ್ಲಿ ಬಹುಕಾಲದಿಂದ ನೆಲೆಸಿರುವ ಧಾರವಾಡ ಸೀಮೆಯ ಕುಟುಂಬವೊಂದು ನಮಗೆ ಆತಿಥ್ಯ ನೀಡಿತ್ತು. ಆ ಮನೆಯ ದಂಪತಿಗಳು, ಎಂಬತ್ತರ ಹತ್ತಿರದ ಅವರ ತಾಯಿ ಮತ್ತು ನಾವು ಒಂದು ಮುಂಜಾನೆ ಅಲ್ಲಿಗೆ ತೆರಳಿದೆವು. ಹೆದ್ದಾರಿಯಿಂದ ತಿರುಗಿದೊಡನೆ ಬಂಡೆಯೊಳಗೆ ಕೊರೆದ ಇಕ್ಕಟ್ಟಾದ ದಾರಿ ಎದುರಾಗುತ್ತದೆ. ಒಂದು ಸಲಕ್ಕೆ ಒಂದೇ ವಾಹನ ಸಾಗಬಲ್ಲದಾದುದರಿಂದ ಅದರ ಬಾಯಲ್ಲಿ ಹಸಿರು ದೀಪ ಬೆಳಗುವವರೆಗೂ ಕಾಯಬೇಕು. ಕತ್ತಲೆಯಲ್ಲಿ ಇಳಿಜಾರಾಗಿ ಸಾಗಿ ಹೊರಬಂದರೆ ಕಣ್ಣು ಕೋರೈಸುವ ಬೆಳಕು! ಬೆನ್ನ ಹಿಂದೆ ಗಗನಕ್ಕೆ ಎದ್ದ ಬಿಳಿಯ ಗೋಡೆ; ಅದರ ಬುಡದಲ್ಲಿ ಹಳೆಯ ರೈಲುಹಾದಿ; ಮುಂದೆ ಮೆಲ್ಲನೆ ಏರಿ ಇಳಿಯುವ ಹುಲ್ಲುಗಾವಲು; ಅದರಾಚೆ ಕಾಂಕ್ರೀಟಿನ ತಡೆಗೋಡೆ, ಕಡಲು. ಬಯಲಿನ ಒಂದು ಪಕ್ಕದಲ್ಲಿ ಬೇಲಿಯ ಒಳಗೆ ಯಂತ್ರಾಗಾರವೊಂದಿದೆ. ಸುರಂಗದಲ್ಲಿ ಓಡುವ ರೈಲುಗಳಿಂದ ಹುಟ್ಟುವ ಕಾವನ್ನು ತಣ್ಣೀರಿನ ಕೊಳವೆಗಳ ಮೂಲಕ ತಗ್ಗಿಸುವ ವ್ಯವಸ್ಥೆಯದು. ಅದೊಂದನ್ನು ಬಿಟ್ಟರೆ ಈ ಬಯಲಿಗೂ ಭೂಗರ್ಭದ ರೈಲಿಗೂ ಸಂಬಂಧವಿದೆಯೆಂದು ಹೊಸಬರಿಗೆ ಹೊಳೆಯಲಾರದು.

ಈ ದಂಡೆಯನ್ನು ಮನುಷ್ಯನು ಕೆದಕತೊಡಗಿದುದು ನಿನ್ನೆ ಮೊನ್ನೆಯಲ್ಲ. 1843ರ ಜನವರಿ 26ರಂದು ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರರು ರೈಲುಹಾದಿಗೆ ಎಡೆ ಮಾಡಲೆಂದು ಇಲ್ಲಿಯ ರೌಂಡ್ ಡೌನ್ ಎಂಬ ಬಂಡೆಯನ್ನು ಸುಮಾರು 8 ಟನ್ ಕೋವಿಮದ್ದಿನಿಂದ ಒಮ್ಮೆಲೇ ಉರುಳಿಸಿದರು. 1880ರ ಸುಮಾರಿಗೆ ಕಡಲ ಕೆಳಗೆ ಸುರಂಗ ಕೊರೆಯುವ ಪ್ರಯತ್ನ ಇಲ್ಲಿಯೇ ಆರಂಭವಾಯಿತು. ಕರ್ನಲ್ ಬೋಮಾಂಟರ ಯಂತ್ರ ಕಡಲ ಕೆಳಗೆ ಒಂದೂವರೆ ಕಿಲೋಮೀಟರಿಗೂ ಮಿಕ್ಕಿ ಸಾಗಿದ ಬಳಿಕ, ಈ ದಾರಿಯಿಂದ ಶತ್ರುಸೈನ್ಯ ಒಳನುಗ್ಗೀತೆಂಬ ಭೀತಿಯಿಂದ 1882ರಲ್ಲಿ ಅದನ್ನು ನಿಲ್ಲಿಸಲಾಯಿತು. 1890ರಲ್ಲಿ ಅದೇ ಸ್ಥಳದಲ್ಲಿ ಕೊಳವೆ ಇಳಿಸಿ ನೋಡಿದಾಗ ಕಲ್ಲಿದ್ದಲು ಕಂಡಿತು, ಗಣಿಯನ್ನೂ ತೋಡಿದರು, ಹೇಳಿಕೊಳ್ಳುವಷ್ಟು ಇದ್ದಲು ದೊರೆಯದೆ ಅದೂ ಮುಚ್ಚಿತು. 1970ರ ದಶಕದಲ್ಲಿ ಸುರಂಗದ ಕೆಲಸ ಮತ್ತೆ ತೊಡಗಿ, 1975ರಲ್ಲಿ ಹಣದ ಮುಗ್ಗಟ್ಟಿನಿಂದ ಮತ್ತೆ ನಿಂತಿತು. ಒಂದು ನೂರು ವರ್ಷಗಳ ಕಾಲ ತೋಡುವುದೂ ಬಿಡುವುದೂ ನಡೆದ ಸ್ಥಳವಿದು.

ಕೊನೆಗೂ ಕೈಗೂಡಿದ ಸುರಂಗದ ಉದ್ದ ಸುಮಾರು 50 ಕಿಲೋಮೀಟರ್. ಅದರಲ್ಲಿ 38 ಕಿಲೋಮೀಟರಿನಷ್ಟು ಕಡಲ ತಳದ ಕೆಳಗಿದೆ. ಒಂದಲ್ಲ, ಮೂರು ಸುರಂಗಗಳು: ಹೋಗುವ ರೈಲಿಗೊಂದು, ಬರುವ ರೈಲಿಗೊಂದು, ನಡುವೆ ರಕ್ಷಣೆಗೂ ದುರಸ್ತಿಗೂ ಒಂದು. 1990ರ ಡಿಸೆಂಬರ್ 1ರಂದು ಎರಡೂ ದೇಶಗಳ ಕೆಲಸಗಾರರು ಕಡಲ ಕೆಳಗೆ ಕೈಕುಲುಕಿದರು. 1994ರ ಮೇ 6ರಂದು ಎಲಿಜಬೆತ್ ರಾಣಿಯೂ ಫ್ರಾನ್ಸಿನ ಅಧ್ಯಕ್ಷ ಮಿತೆರಾಂ ಅವರೂ ಅದನ್ನು ಉದ್ಘಾಟಿಸಿದರು. ಈ ಕಾರ್ಯದಲ್ಲಿ 10 ಮಂದಿ ಕೆಲಸಗಾರರು ಪ್ರಾಣ ತೆತ್ತರು; ಅವರಲ್ಲಿ 8 ಮಂದಿ ಇಂಗ್ಲೆಂಡಿನ ಕಡೆಯವರು.

ಸುರಂಗಕ್ಕೆ ಆರಿಸಿಕೊಂಡ ಪದರದ ವಿಚಾರ ಸ್ವಲ್ಪ ಹೇಳಬೇಕು. ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಸೀಮೆಸುಣ್ಣದಂಥ ಮೆದುಕಲ್ಲಿನಿಂದಾದವು ಈ ಬಂಡೆಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳ ಚಿಪ್ಪಿನ ಪುಡಿ ಕೋಟ್ಯಂತರ ವರ್ಷಗಳ ಕಾಲ ತಳಕ್ಕಿಳಿದು ಗಟ್ಟಿಗೊಂಡು ಈ ಕಲ್ಲಾಗಿದೆ. ಅದರ ಕೆಳಪದರದಲ್ಲಿ ಸುಣ್ಣದೊಡನೆ ಜೇಡಿಯೂ ಬೆರೆತಿದೆ. ಮೇಲಿನ ಬಿಳಿಕಲ್ಲಿನ ಬಿರುಕುಗಳಲ್ಲಿ ನೀರು ಹರಿಯುತ್ತದೆ. ಜೇಡಿ ಬೆರೆತ ಈ ಬೂದುಬಣ್ಣದ ಪದರ ನೀರನ್ನು ಸುಲಭವಾಗಿ ಬಿಡುವುದಿಲ್ಲ, ಯಂತ್ರಕ್ಕೆ ಸುಲಭವಾಗಿ ತೆರೆದುಕೊಳ್ಳುತ್ತದೆ. ಕಡಲ ಕೆಳಗೆ ಅಗೆಯುವವರಿಗೆ ಇದಕ್ಕಿಂತ ಅನುಕೂಲವಾದ ನೆಲ ಬೇರೊಂದಿಲ್ಲ. ಒಟ್ಟು ಹನ್ನೊಂದು ಕೊರೆಯುವ ಯಂತ್ರಗಳಲ್ಲಿ ಆರು ಇಂಗ್ಲೆಂಡಿನ ಕಡೆಯಿಂದ ಕೆಲಸ ಮಾಡಿದವು. ಆ ಆರೂ ಇದೇ ಬಂಡೆಯ ಬುಡದಿಂದ ಹೊರಟು, ಮೂರು ಕಡಲ ಕಡೆಗೆ, ಮೂರು ನೆಲದ ಕಡೆಗೆ ಸಾಗಿದವು. ಅವು ಕೆರೆದು ಹಾಕಿದ ಮಣ್ಣು ಕನ್ವೇಯರ್ ಪಟ್ಟಿಗಳ ಮೇಲೆ ಹಗಲಿರುಳೂ ಮೇಲೆ ಬರುತ್ತಿತ್ತು.

ಹಾಗೆ ಬಂದ ಮಣ್ಣು ಎಷ್ಟು? ಈ ಬಯಲಿಗೆ ಸುರಿದದ್ದೇ 49 ಲಕ್ಷ ಘನ ಮೀಟರ್. ಈ ಸಂಖ್ಯೆ ನಮ್ಮಂಥ ಶಾಸ್ತ್ರಪಾಠದವರಿಗೆ ಏನನ್ನೂ ಹೇಳುವುದಿಲ್ಲ. ಆದುದರಿಂದ ಬಯಲಿನ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದೆವು. ಒಂದು ಟಿಪ್ಪರ್ ಲಾರಿ ಒಂದು ಸಲಕ್ಕೆ 10 ಘನ ಮೀಟರ್ ಒಯ್ಯುವುದೆಂದು ಇಟ್ಟುಕೊಂಡರೆ 4 ಲಕ್ಷ 90 ಸಾವಿರ ಸಲ ಓಡಾಡಬೇಕು. ದಿನಕ್ಕೆ 500 ಲಾರಿಗಳಂತೆ ಬಿಡುವಿಲ್ಲದೆ ಸಾಗಿಸಿದರೂ 980 ದಿನ, ಎಂದರೆ ಎರಡೂಮುಕ್ಕಾಲು ವರ್ಷ! ಕೆಂಟ್ ಪ್ರಾಂತದ ಹಳ್ಳಿಗಳ ಕಿರುದಾರಿಗಳಲ್ಲಿ ಅಷ್ಟು ಲಾರಿಗಳು ಓಡಿದ್ದರೆ ಅಲ್ಲಿಯ ಮಕ್ಕಳು ಮುದುಕರ ಪಾಡೇನಾಗುತ್ತಿತ್ತು? ಬೇರೆ ಅನೇಕ ಜಾಗಗಳನ್ನು ಪರಿಶೀಲಿಸಿದ ಬಳಿಕ, ಮಣ್ಣು ಎಲ್ಲಿ ಹೊರಬೀಳುತ್ತದೆಯೋ ಅಲ್ಲಿಯೇ, ಬಂಡೆಯ ಬುಡದಲ್ಲಿಯೇ, ಅದಕ್ಕೆ ನೆಲೆ ಕಲ್ಪಿಸಬೇಕೆಂದು ನಿರ್ಧರಿಸಿದರು.

ನಮ್ಮ ಲೆಕ್ಕವನ್ನು ಕೇಳುತ್ತ ಕುಳಿತಿದ್ದ ಆ ಹಿರಿಯ ತಾಯಿ, “ನೋಡ್ರಿ ಶಾಸ್ತ್ರಿಗಳ, ಅಗದ ಮಣ್ಣು ಅಗದ ತಗ್ಗಿನ್ಯಾಗ ಎಂದೂ ಹಿಡಿಯೂದಿಲ್ಲ. ನಮ್ಮನ್ಯಾಗ ಹಗೇವು ತೋಡಿದಾಗ ಅಂಗಳ ತುಂಬ ಮಣ್ಣಾಗಿತ್ತು. ಇಷ್ಟ ತಗ್ಗಿನ್ಯಾಗ ಇಷ್ಟ ಮಣ್ಣು ಎಲ್ಲಿತ್ತೋ ಅಂತಿದ್ರು ನಮ್ಮತ್ತಿ” ಎಂದರು. ಇಂಜಿನಿಯರರು ಹೇಳುವುದೂ ಇದನ್ನೇ. ಭೂಮಿಯ ಒಳಗೆ ಒತ್ತಿ ಕುಳಿತ ಮಣ್ಣುಕಲ್ಲುಗಳು ಅಗೆದೊಡನೆ ಸಡಿಲಗೊಂಡು, ನಡುವೆ ಗಾಳಿ ಸೇರಿ, ಗಾತ್ರದಲ್ಲಿ ಹಿಗ್ಗುತ್ತವೆ. ತಗ್ಗಿನ ಅಳತೆಯಿಂದ ಮಣ್ಣಿನ ರಾಶಿಯನ್ನು ಅಂದಾಜು ಮಾಡಿದವರು ಮೋಸ ಹೋಗುತ್ತಾರೆ. ಹಗೇವು ಎಂದರೇನೆಂದು ಇಂದಿನ ಮಕ್ಕಳಿಗೆ ತಿಳಿಯದಿರಬಹುದು. ಬಯಲುಸೀಮೆಯ ಮನೆಗಳಲ್ಲಿ ಜೋಳವನ್ನು ವರ್ಷಗಟ್ಟಲೆ ಕಾಪಿಡಲು ನೆಲದಲ್ಲಿ ತೋಡುತ್ತಿದ್ದ ಧಾನ್ಯದ ಕುಳಿಯದು.

ಆ ಕಾಲದಲ್ಲಿ ಅಂಗಳದ ಆ ಮಣ್ಣು ಎಲ್ಲಿಗೆ ಹೋಗುತ್ತಿತ್ತು? ಗೋಡೆಗೆ ಹೋಗುತ್ತಿತ್ತು, ಮಾಳಿಗೆಗೆ ಹೋಗುತ್ತಿತ್ತು. ಬಾವಿ ತೋಡುವಾಗ ಬಂದ ಗರಸು ದನಗಳ ಹಟ್ಟಿಗೆ, ಕಪಿಲೆಯ ಎತ್ತುಗಳು ಇಳಿದೇರುವ ಜಾಡಿಗೆ. ಕೆರೆಯ ಹೂಳು ಹೊಲಕ್ಕೆ. ಕೋಟೆಯ ಕಂದಕದಿಂದ ತೆಗೆದುದು ಕೋಟೆಯ ಗೋಡೆಗೇ. ಮಣ್ಣನ್ನು ಬಹುದೂರ ಒಯ್ಯುವ ಸಾಧನ ಇಲ್ಲದಿದ್ದುದರಿಂದ ಅದನ್ನು ಬಳಸುವ ಬುದ್ಧಿ ತಾನಾಗಿಯೇ ಬಂದಿತ್ತೆಂದು ನಮಗೆ ತೋರುತ್ತದೆ. ಈಗ ಸಾಧನವಿದೆ. ಬೆಂಗಳೂರಿನಲ್ಲಿ ಡೈರಿ ವೃತ್ತದಿಂದ ನಾಗವಾರದವರೆಗೆ 13 ಕಿಲೋಮೀಟರಿಗೂ ಹೆಚ್ಚು ಉದ್ದದ ಮೆಟ್ರೋ ಜೋಡಿಸುರಂಗದ ಕೊರೆತ 2024ರ ಅಕ್ಟೋಬರಿನಲ್ಲಿ ಮುಗಿಯಿತು. ಯಂತ್ರವು ಕೊನೆಯ ಗೋಡೆಯನ್ನು ಸೀಳಿ ಹೊರಬಂದ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ನಾವೂ ಸಂತೋಷಪಟ್ಟೆವು. ಆದರೆ ಆ ರಾಜಧಾನಿಯಲ್ಲಿ ಮನೆ ಕೆಡವಿದ ಕಲ್ಲುಮಣ್ಣನ್ನು ರಾತ್ರಿಯ ಹೊತ್ತು ಕೆರೆಯಂಗಳಕ್ಕೂ ರಾಜಕಾಲುವೆಗೂ ಸುರಿದು ಹೋಗುವವರನ್ನು ಎಲ್ಲರೂ ಬಲ್ಲರು. ಸುರಂಗ ಎಷ್ಟು ಕಿಲೋಮೀಟರು, ಎಷ್ಟು ಕೋಟಿ ರೂಪಾಯಿ ಎಂಬುದನ್ನು ಮನೆಯ ಮಗುವೂ ಹೇಳುತ್ತದೆ. ಅದರ ಮಣ್ಣು ಯಾವ ಊರಿನ ಯಾವ ತಗ್ಗಿಗೆ ಸೇರಿತೆಂದು ಕೇಳಿದವರು ಎಷ್ಟು ಜನ? ಡೋವರಿನಲ್ಲಿ ಅಗೆಯುವ ಯಂತ್ರ ಬರುವುದಕ್ಕೆ ಮುನ್ನವೇ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿರಬೇಕಾಯಿತು. ಉತ್ತರವಿಲ್ಲದಿದ್ದರೆ ಕನ್ವೇಯರ್ ಪಟ್ಟಿ ಒಂದು ದಿನವೂ ಓಡುವಂತಿರಲಿಲ್ಲ.

ಮಣ್ಣನ್ನು ಸುಮ್ಮನೆ ಕಡಲಿಗೆ ಸುರಿದಿದ್ದರೆ ಅಲೆಗಳು ಅದನ್ನು ಕದಡಿ, ಬಹುದೂರದವರೆಗೆ ನೀರನ್ನು ಹಾಲಿನಂತೆ ಬೆಳ್ಳಗಾಗಿಸಿ, ಮೀನು ಚಿಪ್ಪುಗಳ ಉಸಿರು ಕಟ್ಟಿಸುತ್ತಿದ್ದವು. ಹಾಗಾಗದಂತೆ ಮೊದಲು ಉಕ್ಕಿನ ಹಲಗೆಗಳನ್ನು ಕಡಲತಳಕ್ಕೆ ಎರಡು ಸಾಲಾಗಿ ಇಳಿಸಿ, ನಡುವೆ ಕಾಂಕ್ರೀಟ್ ತುಂಬಿ, ಗೋಡೆ ಕಟ್ಟಿದರು. ಗೋಡೆಗೂ ಬಂಡೆಗೂ ನಡುವೆ ಕೊಳಗಳಾದವು. ಒಂದೊಂದೇ ಕೊಳಕ್ಕೆ ಮಣ್ಣು ತುಂಬುತ್ತ ಮುಂದೆ ಸಾಗಿದರು. 49 ಲಕ್ಷ ಘನ ಮೀಟರನ್ನು 30 ಹೆಕ್ಟೇರಿಗೆ ಹಂಚಿದರೆ ಸರಾಸರಿ 16 ಮೀಟರ್ ದಪ್ಪ ಬರುತ್ತದೆ. ಅದರ ಒಂದು ಪಾಲು ನೀರಿನ ಮಟ್ಟದಿಂದ ಕೆಳಗೇ ಇದೆ. ಇಂದು ನಡೆಯುವವರ ಕಾಲ ಕೆಳಗೆ ಅಷ್ಟು ಆಳದವರೆಗೂ ಇರುವುದು ಸುರಂಗದ ಮಣ್ಣೇ. ಹತ್ತು ಕೋಟಿ ವರ್ಷಗಳಷ್ಟು ಹಿಂದೆ ಕಡಲತಳದಲ್ಲಿ ಕುಳಿತ ಈ ಜೇಡಿಸುಣ್ಣ, ಮೊದಲ ಬಾರಿಗೆ ಬಿಸಿಲು ಕಂಡು, ಮತ್ತೆ ಕಡಲ ಮಗ್ಗುಲಲ್ಲಿಯೇ ಮಲಗಿದೆ.

ಗೋಡೆಯ ಕೆಲಸಕ್ಕಿಂತಲೂ ನಮಗೆ ಹಿಡಿಸಿದುದು ಮುಂದಿನ ಉಪಚಾರ. ತುಂಬಿದ ನೆಲ ಬೂದಿಯ ಬಣ್ಣದ್ದು. ಗೊಬ್ಬರದ ಅಂಶ ಇಲ್ಲವೆನ್ನಬಹುದು. ನಮ್ಮಲ್ಲಾದರೆ ಮೊದಲು ಕೆರೆಯ ಗೋಡು, ಆಮೇಲೆ ತಿಪ್ಪೆಗೊಬ್ಬರ ಹಾಕಿ ತೋಟ ಮಾಡುವ ಯೋಚನೆ ಬರುತ್ತಿತ್ತು. ಅಲ್ಲಿಯವರು ಹಾಗೆ ಮಾಡಲಿಲ್ಲ. ಸುಣ್ಣದ ದಿಬ್ಬಗಳ ಕಾಡುಹೂಗಳು ಬಡನೆಲದಲ್ಲಿಯೇ ಬಾಳುವಂಥವು. ನೆಲ ಕೊಬ್ಬಿದೊಡನೆ ಒರಟು ಹುಲ್ಲು ಎದ್ದು ಇವನ್ನು ತುಳಿದುಬಿಡುತ್ತದೆ. ಆದುದರಿಂದ ನೆಲವನ್ನು ಬಡವಾಗಿಯೇ ಬಿಟ್ಟು, ಅದೇ ಸೀಮೆಯ ಹುಲ್ಲುಹೂಗಳ ಬೀಜ ಬಿತ್ತಿದರು. ದಿಣ್ಣೆ ತಗ್ಗುಗಳನ್ನು ಸಮಮಾಡದೆ ಉಳಿಸಿದರು. 1997ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಹುಲ್ಲು ಅತಿಯಾಗಿ ಬೆಳೆಯದಂತೆ ಇಂದಿಗೂ ಕುರಿಗಳನ್ನು ಮೇಯಿಸುತ್ತಾರೆ. ಸುತ್ತಲಿನ ಸ್ವಯಂಸೇವಕರು ಬಂದು ಕಳೆ ಕೀಳುವುದು, ಬೇಲಿ ಕಟ್ಟುವುದು, ಹೂಗಳನ್ನು ಎಣಿಸುವುದು ಮುಂತಾದ ಕಾಯಕ ಮಾಡುತ್ತಾರೆ.

ಎಣಿಸುವ ಮಾತು ಬಂದುದರಿಂದ ಒಂದು ಹೂವಿನ ಸಂಗತಿ. ನಮ್ಮ ಮಲೆನಾಡಿನ ಸೀತಾಳೆದಂಡೆಯ ಕುಲಕ್ಕೆ ಸೇರಿದ, ಆದರೆ ಮರದ ಮೇಲಲ್ಲದೆ ನೆಲದಲ್ಲಿ ಗೇಣುದ್ದ ಬೆಳೆಯುವ ಆರ್ಕಿಡ್ ಗಿಡವೊಂದು ಅಲ್ಲಿದೆ. ಅದರ ಕಂದುಬಣ್ಣದ ಹೂವು ಜೇಡನಂತೆ ಕಾಣುವುದರಿಂದ ಅದಕ್ಕೆ ಜೇಡದ ಹೆಸರನ್ನೇ ಇಟ್ಟಿದ್ದಾರೆ. ಹೆಣ್ಣು ಜೇನ್ನೊಣವೆಂದು ಭ್ರಮಿಸಿ ಬರುವ ಗಂಡುನೊಣ ಪರಾಗವನ್ನು ಹೊತ್ತೊಯ್ಯುತ್ತದೆ. ಇಂಗ್ಲೆಂಡಿನಲ್ಲಿ ಬಲು ಅಪರೂಪವಾದ ಈ ಗಿಡವನ್ನು ಯಾರೂ ಇಲ್ಲಿ ನೆಟ್ಟಿರಲಿಲ್ಲ. 1998ರಲ್ಲಿ 67 ಗಿಡಗಳು ತಾವಾಗಿಯೇ ಕಂಡವು. ಮುಂದಿನ ವರ್ಷಗಳಲ್ಲಿ ಲೆಕ್ಕ ಸಾವಿರಗಳನ್ನು ಮುಟ್ಟಿತು. ಅದರ ಬೀಜ ಹುಡಿಯಂತೆ ಹಗುರ. ಗಾಳಿಯಲ್ಲಿ ತೇಲಿ ಬಂದುದಿರಬೇಕು. ನಾವು ಹೋದಾಗ ಹೂವಿನ ಕಾಲ ಮುಗಿಯುತ್ತ ಬಂದಿತ್ತು. ದಾರಿಯಂಚಿನಲ್ಲಿ ಬಾಡುತ್ತಿದ್ದ ಒಂದೆರಡನ್ನು ಮಂಡಿಯೂರಿ ನೋಡಿದೆವು. ನಮ್ಮೊಡನಿದ್ದ ತಾಯಿ ಪೂಜೆಗೆಂದು ಕೈ ಚಾಚಿದಾಗ ಸೊಸೆ, “ಅತ್ತೀ, ಇಲ್ಲಿ ಹೂ ಹರಿಯೂದು ತಪ್ಪರಿ” ಎಂದು ತಡೆದರು.

ಸ್ಯಾಂಫೈರ್ ಎಂಬುದು ಕಡಲಬಂಡೆಗಳ ಸಂದಿಯಲ್ಲಿ ಬೆಳೆಯುವ, ದಪ್ಪ ಎಲೆಯ, ಉಪ್ಪುರುಚಿಯ ಒಂದು ಸೊಪ್ಪು. ಹಿಂದಿನವರು ಅದನ್ನು ಉಪ್ಪಿನಕಾಯಿ ಹಾಕುತ್ತಿದ್ದರಂತೆ. ಹಗ್ಗ ಕಟ್ಟಿಕೊಂಡು ಬಂಡೆಯಲ್ಲಿ ತೂಗಾಡುತ್ತ ಅದನ್ನು ಕೀಳುವವರ ಪ್ರಸ್ತಾಪ ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ ಬರುತ್ತದೆ. ಹಿಂದಿನ ಬಂಡೆಗೂ ಷೇಕ್ಸ್‌ಪಿಯರ್ ಬಂಡೆಯೆಂದೇ ಹೆಸರು. ಹೊಸ ನೆಲಕ್ಕೆ ಹೆಸರು ಸೂಚಿಸಲು ಸ್ಪರ್ಧೆ ನಡೆಸಿದಾಗ ಡೋವರಿನ ನಿವೃತ್ತ ಶಿಕ್ಷಕಿಯೊಬ್ಬರು ಸೂಚಿಸಿದ ಹೆಸರಿದು. ‘ಹೋ’ ಎಂದರೆ ಕಡಲಿಗೆ ಚಾಚಿದ ನೆಲ. ಸೊಪ್ಪು ಈಗ ಕಾಂಕ್ರೀಟ್ ಗೋಡೆಯ ಬಿರುಕುಗಳಲ್ಲಿಯೂ ಬೆಳೆದಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿದ ತೊಡಕನ್ನೂ ಹೇಳಲೇಬೇಕು. ಇಲ್ಲಿ ನೆಲವಾದುದು ಮೊದಲು ಬರಿದಾಗಿರಲಿಲ್ಲ. ಕಲ್ಲುಬಂಡೆಗಳ ನಡುವೆ ಏಡಿ, ಚಿಪ್ಪು, ಕಡಲಪಾಚಿಗಳ ಸಂಸಾರವಿತ್ತು. ಅದು 49 ಲಕ್ಷ ಘನ ಮೀಟರ್ ಮಣ್ಣಿನ ಕೆಳಗೆ ಹೂತುಹೋಯಿತು. ಅವುಗಳ ಪರವಾಗಿ ಹೂ ಎಣಿಸುವವರಿಲ್ಲ. ಇನ್ನೊಂದು: ಡೋವರಿನ ಬಂಡೆ ಬೆಳ್ಳಗಿರುವುದು ಕಡಲು ಅದರ ಪಾದವನ್ನು ಕಡಿಯುತ್ತಿರುವುದರಿಂದ. ಆಗಾಗ ಮುಖ ಕುಸಿದು ಹೊಸಕಲ್ಲು ತೆರೆದರೆ ಮಾತ್ರ ಆ ಬಿಳುಪು. ಹೊಸ ಬಯಲು ಅಡ್ಡವಾದುದರಿಂದ ಇಲ್ಲಿಯ ಬಂಡೆಗೆ ಅಲೆ ಮುಟ್ಟುತ್ತಿಲ್ಲ. ಅದರ ಮುಖದ ಮೇಲೆ ಮೆಲ್ಲಮೆಲ್ಲನೆ ಹಸಿರು ಹಬ್ಬುತ್ತಿದೆ. ಬಂಡೆಗೆ ರಕ್ಷಣೆ ದೊರೆತು ಅದರ ರೂಪವೇ ಹೋಗುತ್ತಿದೆ! ಲಾರಿಗಳ ದೂಳಿಗಿಂತ, ಕೆರೆಯನ್ನು ಹೂಳುವುದಕ್ಕಿಂತ ಇದು ಎಷ್ಟೋ ಮೇಲೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಕಡಲಿನಿಂದ ಕಿತ್ತುಕೊಂಡುದು ಕಿತ್ತುಕೊಂಡುದೇ.

ಈ ತೊಡಕನ್ನು ನಮ್ಮ ಆತಿಥೇಯರ ಮುಂದಿಟ್ಟಾಗ ಅವರು, “ಹಾಗಾದರೆ ತಾವು ವಾಲಸೀ ನೋಡಲೇಬೇಕು” ಎಂದು ಮರುವಾರ ಥೇಮ್ಸ್ ನದಿಯಾಚೆಯ ಎಸೆಕ್ಸ್ ಪ್ರಾಂತಕ್ಕೆ ಕರೆದೊಯ್ದರು. ದಾರಿಯಲ್ಲಿ ಲಂಡನ್ನಿನಲ್ಲಿ ತಂಗಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಸ್ಥಾಪಿತವಾದ ಬಸವೇಶ್ವರರ ಪ್ರತಿಮೆಯ ದರ್ಶನ ಪಡೆದೆವು. ಆ ದಂಡೆಯೂ 1866ರಿಂದ 1869ರವರೆಗೆ ಜೋಸೆಫ್ ಬ್ಯಾಜಲ್ಜೆಟ್ ಎಂಬ ಇಂಜಿನಿಯರರು ಥೇಮ್ಸ್ ನದಿಯ ಕೆಸರಂಚನ್ನು ಒತ್ತಿ ಕಟ್ಟಿದುದೇ. ಲಂಡನ್ ನಗರಕ್ಕೆ ಮಣ್ಣಿನ ವರ್ಗಾವಣೆ ಹೊಸದಲ್ಲ. ಸೇಂಟ್ ಕ್ಯಾಥರಿನ್ ಹಡಗುಕಟ್ಟೆಯನ್ನು 1820ರ ದಶಕದಲ್ಲಿ ತೋಡಿದಾಗ ಬಂದ ಮಣ್ಣು ನಗರದ ಪಶ್ಚಿಮದ ಜೌಗುನೆಲವನ್ನು ಎತ್ತರಿಸಿ, ಈಗ ಧನಿಕರು ವಾಸಿಸುವ ಬೀದಿಗಳಿಗೆ ಅಡಿಪಾಯವಾಯಿತು.

ವಾಲಸೀಯಲ್ಲಿ ನಡೆದುದು ಸ್ಯಾಂಫೈರ್ ಹೋಗೆ ತಿರುಗುಮುರುಗಾದುದು. ಅದೊಂದು ತಗ್ಗಾದ ದ್ವೀಪ. ಶತಮಾನಗಳ ಹಿಂದೆ ಅದು ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೇಲುವ ಉಪ್ಪುಜೌಗು. ರೈತರು ಸುತ್ತಲೂ ಮಣ್ಣಿನ ಏರಿ ಹಾಕಿ ಕಡಲನ್ನು ಹೊರಗಟ್ಟಿ ಗೋದಿ ಬೆಳೆದರು. ಹಾಗೆ ಕಟ್ಟಿದ ನೆಲ ಒಣಗಿ ಕುಗ್ಗುತ್ತ ಹೋಯಿತು. ಹೊರಗೆ ಕಡಲು ಏರುತ್ತ ಬಂದಿತು. 1953ರ ಚಳಿಗಾಲದ ಒಂದು ರಾತ್ರಿ ಇಂಗ್ಲೆಂಡಿನ ಪೂರ್ವತೀರದ ಏರಿಗಳು ಒಡೆದು 300ಕ್ಕೂ ಹೆಚ್ಚು ಜನ ಮಡಿದುದನ್ನು ಆ ಸೀಮೆಯವರು ಮರೆತಿಲ್ಲ. ಏರಿಯನ್ನು ಎಂದಾದರೂ ಬಿಟ್ಟುಕೊಡಬೇಕು. ಆದರೆ ಕುಗ್ಗಿದ ನೆಲಕ್ಕೆ ಹಾಗೆಯೇ ನೀರು ಬಿಟ್ಟರೆ ಅದು ಜೌಗಾಗದೆ ಆಳವಾದ ಮಡುವಾಗುತ್ತದೆ. ನೆಲವನ್ನು ಮೊದಲು ಎತ್ತರಿಸಬೇಕು. ಅಷ್ಟು ಮಣ್ಣು ಎಲ್ಲಿಂದ ತರುವುದು?

ಅದೇ ಸಮಯಕ್ಕೆ ಲಂಡನ್ನಿನ ಕೆಳಗೆ, ಇಂದು ಎಲಿಜಬೆತ್ ಮಾರ್ಗವೆಂದು ಕರೆಯಲ್ಪಡುವ ರೈಲಿಗಾಗಿ, 42 ಕಿಲೋಮೀಟರ್ ಸುರಂಗಗಳನ್ನು ಕೊರೆಯುತ್ತಿದ್ದರು. ಅದರಿಂದ ಬಂದ ಸುಮಾರು 70 ಲಕ್ಷ ಟನ್ ಮಣ್ಣಿನಲ್ಲಿ 30 ಲಕ್ಷ ಟನ್ನಿಗೂ ಹೆಚ್ಚು ಈ ದ್ವೀಪಕ್ಕೆ ಬಂದಿತು. ಬಂದುದು ಲಾರಿಯಲ್ಲಿ ಅಲ್ಲ. ನಗರದ ಪಶ್ಚಿಮದ ಮಣ್ಣು ರೈಲಿನಲ್ಲಿ ನದಿಯ ದಡಕ್ಕೆ, ಅಲ್ಲಿಂದ ಹಡಗಿನಲ್ಲಿ. ಪಕ್ಷಿಸಂರಕ್ಷಣೆಯ ರಾಯಲ್ ಸೊಸೈಟಿ ಈ ಭೂಮಿಯನ್ನು ಕೊಂಡು ಕೆಲಸ ನಡೆಸಿತು. 2012ರಲ್ಲಿ ಮಣ್ಣಿನ ಸಾಗಣೆ ತೊಡಗಿತು. ನೆಲವನ್ನು ಸರಾಸರಿ ಒಂದೂವರೆ ಮೀಟರ್ ಎತ್ತರಿಸಿ, ನಡುವೆ ತೊರೆಗಳನ್ನೂ ದಿಬ್ಬಗಳನ್ನೂ ಮೂಡಿಸಿ, 2015ರಲ್ಲಿ ಹಳೆಯ ಏರಿಯನ್ನು ತಾವಾಗಿಯೇ ಒಡೆದರು. ಲಂಡನ್ನಿನ ಜೇಡಿಮಣ್ಣಿನ ಮೇಲೆ ಉಬ್ಬರದ ನೀರು ಹರಡಿತು. ರೈಲುಮಾರ್ಗ ಜನರಿಗೆ ತೆರೆದುದು 2022ರ ಮೇ 24ರಂದು. ಅದರ ಮಣ್ಣು ಅದಕ್ಕಿಂತ ಏಳು ವರ್ಷ ಮುಂಚೆಯೇ ತನ್ನ ಉಪಯೋಗಕ್ಕೆ ಬಂದಿತ್ತು.

ನೋಡಲು ವಾಲಸೀಯಲ್ಲಿ ಸ್ಯಾಂಫೈರ್ ಹೋದ ಚೆಲುವಿಲ್ಲ. ಮರವಿಲ್ಲ, ಬಂಡೆಯಿಲ್ಲ, ಆಕಾಶ, ಕೆಸರು, ಗಾಳಿ. ಆ ಹಿರಿಯ ತಾಯಿಗೆ ಏರಿಯ ಮೇಲಿನ ಗಾಳಿ ತಡೆಯಲಾಗದೆ ಕಾರಿನಲ್ಲಿಯೇ ಕುಳಿತರು. ನಾವು ಏರಿಯ ಮೇಲೆ ನಡೆದು ಒಡಕಿನ ಹತ್ತಿರ ನಿಂತೆವು. ಇಳಿತದ ಹೊತ್ತು ಮುಗಿದು ನೀರು ಒಳಗೆ ಬರತೊಡಗಿತ್ತು. ಮೊದಲು ತೊರೆಗಳ ತಳದಲ್ಲಿ ಒಂದು ಹೊಳಪು. ಆಮೇಲೆ ಒಂದೊಂದೇ ಕವಲು ತುಂಬಿ, ಉದ್ದ ಕೊಕ್ಕಿನ ಕೆಸರುಹಕ್ಕಿಗಳು ಮೇವು ಬಿಟ್ಟು ದಿಬ್ಬದಿಂದ ದಿಬ್ಬಕ್ಕೆ ಹಿಂಜರಿಯುತ್ತಿದ್ದವು. ಮುಕ್ಕಾಲು ಗಂಟೆಯಲ್ಲಿ ತಗ್ಗಿನ ದಿಬ್ಬಗಳೆಲ್ಲ ನೀರಿನಡಿಗೆ ಹೋದವು. ಹಕ್ಕಿಗಳು ಎತ್ತರದ ದಿಬ್ಬವೊಂದರ ಮೇಲೆ ಒತ್ತಾಗಿ ನಿಂತು ನೀರು ಇಳಿಯುವುದನ್ನು ಕಾಯುತ್ತಿದ್ದವು.